ಟ್ಯಾಂಕಿನೊಳಗಿನ ಗಾಳಿ

ಹೆದ್ದಾರಿ ಅಗಲ ಮಾಡಲು ಎರಡೂ ಬದಿ ಅಗೆದು ಹಾಕಿದ್ದ ವರ್ಷದ ಮಳೆಗಾಲ. ತೆಕ್ಕಟ್ಟೆಯಿಂದ ಒಳಗೆ ಹೋಗುವ ರಸ್ತೆಯ ಏರಿನಲ್ಲಿ, ಬಾಗಿಯ ಚಾ ಹೋಟೆಲಿನ ಎದುರು, ಡ್ರೈವರ್ ಪ್ರವೀಣನ ಸಂಜೆ ಬಸ್ಸು ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿತು. ಎಂಜಿನ್ ಆರಿಸಿದ ಮೇಲೆ ಬ್ರೇಕಿನ ಗಾಳಿ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತ್ತು. ಜನರೆಲ್ಲ ಬೈಯುತ್ತಾ ಇಳಿದು ಹೋಟೆಲಿನ ಬೆಂಚುಗಳ ಮೇಲೆ ಒತ್ತಿ ಕುಳಿತರು.

ಪ್ರವೀಣ ಬಸ್ಸಿನ ಧಣಿಗೆ ಫೋನು ಮಾಡಿದ. ಧಣಿಗೆ ಅದೊಂದು ಸಂಗತಿಯೇ ಅಲ್ಲ.

"ಹಿಂದಿನ ಚಕ್ರದ ಬೋಲ್ಟ್ ತಿರ್ಗ್ಸಿ ಹೊರ್ಡ್ ಮರಾಯ! ಎಂಜಿನ್ ಓಡುವಾಗ ಕಾಲ್ ಬ್ರೇಕಿಗೆ ಬೇಕಾದಷ್ಟ್ ಗಾಳಿ ಇರತ್ತ್. ಆಪ್ದಿಲ್ಲ ಅಂದ್ರೆ ನಾಳೆಯಿಂದ ಬಪ್ಪುದ್ ಬ್ಯಾಡ."

ಮಳೆ ಸ್ವಲ್ಪ ಇಳಿಯಲಿ ಎಂದು ಪ್ರವೀಣ ಸ್ಪಾನರ್ ಹಿಡಿದುಕೊಂಡೇ ಬಾಗಿಲ ಬಳಿ ನಿಂತ. ಕೆಲಸ ಹೋದರೆ ಮನೆಯಲ್ಲಿ ಹೆಂಡತಿ ಸುಗುಣಳಿಗೆ ಏನು ಹೇಳುವುದು? ಆ ಸುಗುಣಳೋ ಒಂದು ವಾರದಿಂದ ಅವನು ಒಳಗೆ ಕಾಲಿಟ್ಟ ಕೂಡಲೇ "ಮೀನ್ ತಂದ್ರ್ಯಾ?" ಎಂದು ಕೇಳುತ್ತಿದ್ದಳು. ತಂದಿರಲಿಲ್ಲ. ವಾಸನೆ ಅವನ ಬಲಗೈಯದು. ಸಾಬೂನು, ಹುಣಸೆಹುಳಿ, ಸೀಮೆಎಣ್ಣೆ, ಯಾವುದಕ್ಕೂ ಹೋಗದ ಕೊಳೆತ ಬಂಗುಡೆಯ ನಾತ. ಯಾರಿಗೂ ಹೇಳದೆ ಎಡಗೈಯಲ್ಲೇ ಉಣ್ಣುತ್ತಿದ್ದ.

ಮೂಲೆಯಲ್ಲಿ ಎಲೆಯಡಿಕೆ ಅಗಿಯುತ್ತಿದ್ದ ಚೆನ್ನಯ್ಯಜ್ಜ ಆ ಸ್ಪಾನರನ್ನೇ ನೋಡುತ್ತಿದ್ದ. ಈ ಲೈನುಗಳಲ್ಲೇ ಬಸ್ಸು ಓಡಿಸಿ ಮುದುಕನಾದವನು. ಹೊರಗೆ ಪಿಚಕ್ಕನೆ ಉಗುಳಿ ಬಾಯಿ ಒರೆಸಿಕೊಂಡ.

"ಹ್ವಾಯ್ ಪ್ರವೀಣ, ಕೂಕೋ. ಮಳೆ ಬಿಡುದಿಲ್ಲ. ಎಲ್ಲರೂ ಕೇಣಿ... ಒಂದ್ ಹೇಸ್ಗಿ ಕತೆ ಹೇಳ್ತೆ. ಚಾ ಕುಡಿದ್ ಮುಗ್ಸಿ ಮೊದ್ಲ್. ಮತ್ತೆ ಗಂಟ್ಲಲ್ಲಿ ಇಳುದಿಲ್ಲ."

ಅಜ್ಜ ಶುರು ಮಾಡಿದ.

"ತೊಂಬತ್ತೆಂಟ್ನೇ ಇಸ್ವಿ ಮಳಿಗಾಲ. ಬೈಂದೂರ್ ಬದಿ ಒಂದ್ ಬಸ್ಸ್ ಇದ್ದಿತ್. ಧಣಿ ಹೆಸ್ರ್ ನನ್ ಬಾಯಲ್ಲಿ ಬ್ಯಾಡ, ಬಾಯಿ ತೊಳ್ಕಣ್ಕ್ ಆತ್ತ್. ಆ ಬಸ್ಸೂ ಹೀಂಗೇ, ಒಂದ್ ಏರಲ್ಲಿ ದಿನಾ ನಿಲ್ಲುದ್. ಕಾರ್ಣ ಎಂತ? ದೊಡ್ಡ ಗಾಡಿ ಬ್ರೇಕ್ ಸೈಕಲ್ ಬ್ರೇಕ್ ಹಂಗೆ ಅಲ್ಲ ಮಕ್ಳೇ. ಹಿಂದಿನ ಚಕ್ರದ ಹತ್ರ ಡಬ್ಬಿಯೊಳ್ಗ್ ಒಂದ್ ದಪ್ಪ ಸ್ಪ್ರಿಂಗ್ ಇತ್ತ್. ಚಕ್ರ ಹಿಡ್ಕಂಬುದೇ ಅದ್ರ ಕೆಲ್ಸ. ಟ್ಯಾಂಕಿನ ಗಾಳಿ ಅದನ್ನ ಒತ್ತಿ ಹಿಡ್ದ್ರೆ ಮಾತ್ರ ಗಾಡಿ ಮುಂದ್ ಹೋಪ್ದ್. ಗಾಳಿ ಸೋರಿ ಹೋಯ್ತಾ... ಸ್ಪ್ರಿಂಗ್ ಬಂದ್ ಗಬಕ್ ಅಂದೇಳಿ ಚಕ್ರ ಕಚ್ಚತ್ತ್. ಅದ್ ಹಾಳಾದ್ದಲ್ಲ, ಜೀವ ಕಾಯುದ್. ಒಂದ್ ಪೈಪ್ ಬದ್ಲಿ ಮಾಡ್ರೆ ಮುಗೀತಿದ್ದಿತ್. ಆದ್ರೆ ಊರಿನ ಬುದ್ಧಿವಂತ್ರ್ ಎಂತ ಹೇಳ್ರ್ ಗೊತ್ತಿತಾ? ಬಸ್ಸಿಗೆ ಗಾಳಿ ಹಿಡ್ದಿತ್ ಅಂದ್ರ್! ಗಾಳಿ ಇಲ್ದೆ ನಿಂತ ಬಸ್ಸಿಗೆ... ಗಾಳಿ ಹಿಡ್ದಿತ್ ಅಂಬ್ರ್! ಥೂ!"

ಬೆಂಚಿನಲ್ಲಿ ಯಾರೋ ನಕ್ಕರು. ಪ್ರವೀಣನಿಗೆ ನಗು ಬರಲಿಲ್ಲ.

"ನೆಗಾಡಿ, ನೆಗಾಡಿ. ಧಣಿಗೂ ಅದೇ ಬೇಕಿದ್ದಿತ್. ಮಂತ್ರವಾದಿನ ಕರ್ಸ್ದ. ಅವ ಕೋಳಿ ಕೊಯ್ದ್, ನೆತ್ರ್ ಟಯರಿಗೆ ಸವ್ರಿ, ಕೋಳಿ ತಕಂಡ್ ಹೋದ. ಮನ್ಯಲ್ಲಿ ಸಾರ್ ಮಾಡಿದ್ದಿರ್ಕ್. ಜನ ಹೋದ್ ಕೂಡ್ಲೆ ಧಣಿ ಡ್ರೈವರ್ ಕುಷ್ಟನ್ನ ಬಸ್ಸಿನ ಅಡಿಗೆ ನುಗ್ಸಿ ಬೋಲ್ಟ್ ತಿರ್ಗ್ಸ್‌ದ. ಆ ಬೋಲ್ಟ್ ತಿರ್ಗ್ಸಿರೆ ಸ್ಪ್ರಿಂಗ್ ಡಬ್ಬಿಯೊಳ್ಗೇ ಕಟ್ಟಿ ಹಾಕಿದಂಗ್ ಆತ್ತ್, ಚಕ್ರ ಕಚ್ಚುದಿಲ್ಲ. ಕಾವಲ್ ನಾಯಿ ಬಾಯಿ ಕಟ್ಟಿದ್ ಹಂಗೆ. ಮಾರ್ನೆ ದಿನ ಬಸ್ಸ್ ಏರಲ್ಲಿ ನಿಲ್ಲದೇ ಹೋಯ್ತ್. ಗಾಳಿ ಬಿಟ್ ಹೋಯ್ತ್ ಅಂದೇಳಿ ಜನ ಕೈ ಮುಗ್ದ್ರ್.

ಅದೇ ಬಸ್ಸಿಗೆ ಗುಲಾಬಿ ಬಪ್ದ್... ಮೀನ್ ಮಾರು ಹೆಂಗ್ಸ್. ಮೀನ್ ಬುಟ್ಟಿ ಒಳ್ಗ್ ತರುಕಾಗ ಅಂದೇಳಿ ಹಿಂದಿನ ಡಿಕ್ಕಿಯಲ್ಲಿ ಇಡ್ಸ್ತಿದ್ರ್. ಆ ಏರಲ್ಲೇ ಗುಲಾಬಿ ಇಳುದ್. ಅವತ್ತೂ ಇಳೀತ್, ಬುಟ್ಟಿ ಇಳ್ಸುಕೆ ಹಿಂದ್ ಹೋಯ್ತ್. ಕುಷ್ಟ ಕೈ ಬ್ರೇಕ್ ಎಳ್ದ. ಶ್ಸ್ಸ್... ಅಂದೇಳಿ ಶಬ್ದ ಬಂತ್. ದಿನಾ ಕೇಂಬು ಶಬ್ದ ಅಲ್ದಾ? ಬ್ರೇಕ್ ಬಿತ್ತ್ ಅಂದೇಳಿ ಪೆಡಲಿಂದ ಕಾಲ್ ತೆಗ್ದ. ಸ್ಪ್ರಿಂಗ್ ಕಟ್ಟಿ ಹಾಕಿದ್ದ್ ಅವ್ನೇ, ಮರ್ತೂ ಹೋದ. ಬಸ್ಸ್ ಹಿಂದ್ ಬಂತ್..."

ಬಾಗಿ ಒಲೆಯ ಉರಿ ಕಡಿಮೆ ಮಾಡಿದಳು.

"ಗುಲಾಬಿ ಯಾವ್ದ್, ಬಂಗ್ಡಿ ಮೀನ್ ಯಾವ್ದ್ ಗೊತ್ತಾತಿರ್ಲಿಲ್ಲ. ನಾ ಹಿಂದಿನ ಬಸ್ಸಲ್ಲಿ ಬಂದಂವ, ಕಣ್ಣಾರೆ ಕಂಡಂವ. ಧಣಿ ಜೀಪಲ್ಲಿ ಬಂದ. ಹೆಣಕ್ಕ್ ಒಂದ್ ಬಟ್ಟಿ ಹೊದ್ಸ್‌ಲಿಲ್ಲ ಅವ. ಗಾಳಿ ಬಲಿ ತಕಂತ್ ಅಂದ. ಮತ್ತೆ... ಹೇಳುಕೆ ನಾಲ್ಗಿ ಹೇಸತ್ತ್... ರಸ್ತೆಲಿ ಬಿದ್ದ ಬಂಗ್ಡಿಯಲ್ಲಿ ಜಜ್ಜಿ ಹೋಗದಿದ್ದದ್ದನ್ನ ಹೆಕ್ಸಿ, ತೊಳ್ಸಿ, ಮನಿಗ್ ಕಳ್ಸ್‌ದ! ಮನ್ಷ ಅಂಬ್ರಾ ಅದನ್ನ?

ಕುಷ್ಟ ಮಾರ್ನೆ ದಿನ ಏರ್ ಟ್ಯಾಂಕಿನ ನೀರ್ ಬಿಡುಕ್ ಹೋದ. ನಮ್ ಕಡಲ್ ಬದಿ ಹವೆಗೆ ಟ್ಯಾಂಕಲ್ಲಿ ನೀರ್ ನಿಲ್ಲತ್ತ್, ದಿನಾ ಅಡಿಯಿಂದ ಬಿಡ್ಕ್. ಮೊದ್ಲ್ ನೀರ್ ಬಂತ್, ಮತ್ತೆ ಎಣ್ಣಿ ಕೆಸ್ರ್. ಮತ್ತೆ ಅವ್ನ ಬಲ್ಗೈ ಮೇಲ್ ಪುಳಕ್ ಅಂದೇಳಿ ಬಿತ್ತ್... ಒಂದ್ ಬಂಗ್ಡಿ ಮೀನಿನ ಕಣ್ಣ್. ಅದ್ರ ಹಿಂದೆ ಉದ್ದ ತಲಿ ಕೂದ್ಲ್. ಗಾಳಿ ಬಿಟ್ರೆ ಎಂತದೂ ಹೋಗದ್ ಟ್ಯಾಂಕಿಗೆ ಅದ್ ಹ್ಯಾಂಗ್ ಹೋಯ್ತ್? ನೀವೇ ಹೇಳಿ ಕಾಂಬ. ಆ ಕೈ ನಾತ ಮತ್ತೆ ಹೋಯ್ಲಿಲ್ಲ. ಅನ್ನ ಬಾಯಿ ಹತ್ರ ತಂದ್ರೆ ವಾಂತಿ. ಬೇರೆಯವ್ರ್ ಉಣ್ಸಿರೂ ವಾಂತಿ. ಹಂಗೇ ಒಣ್ಗಿ ಸತ್ತ. ಇಲ್ದಿದ್ ಗಾಳಿನ ಓಡ್ಸ್ರ್, ನಿಜದ ಗಾಳಿನ ಹುಟ್ಸ್ರ್."

"ಬಸ್ಸ್ ಎಂತ ಆಯ್ತ್ ಅಜ್ಜ?" ಪ್ರವೀಣನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

"ಬಸ್ಸ್ ಗುಜ್ರಿಗೆ ಹೋಯ್ತ್. ಟ್ಯಾಂಕ್ ಗಟ್ಟಿ ಇದ್ದಿತ್, ಯಾರೋ ಬಿಚ್ಕಂಡ್ ಹೋದ್ರ್. ಒಂದ್ ಬಸ್ಸಿಂದ ಇನ್ನೊಂದ್ ಬಸ್ಸಿಗೆ... ಅದ್ ಹಾಕಿದ್ ಬಸ್ಸೆಲ್ಲ ಏರಲ್ಲಿ ನಿಲ್ಲತ್ತ್ ಅಂಬ್ರ್. ನಿನ್ ಬಸ್ಸಿಗೂ ಗುಜ್ರಿ ಟ್ಯಾಂಕ್ ಹಾಕಿದ್ರ್ ಅಂಬ್ರ್, ಎಷ್ಟ್ ದಿನ ಆಯ್ತ್?"

"ಒಂದ್ ವಾರ."

"ನಿನ್ ಬಲ್ಗೈ ಎಂತಕ್ ಕಿಸೆಯೊಳ್ಗಿತ್ತ್ ಮರಾಯ?"

ಎಲ್ಲರೂ ತಿರುಗಿ ನೋಡಿದರು. ಇಷ್ಟು ಜನರನ್ನು ಕೂರಿಸಿಕೊಂಡು, ಬಾಯಿ ಕಟ್ಟಿದ ಬ್ರೇಕಿನಲ್ಲಿ, ಈ ಏರು ಹತ್ತಿ ಆಚೆ ಇಳಿಯಬೇಕಿತ್ತು ತಾನು! ಆ ಧಣಿಯ ಮೇಲೆ, ಅವನ ಮಾತಿಗೆ ಸ್ಪಾನರ್ ಹಿಡಿದ ತನ್ನ ಮೇಲೆ ಪ್ರವೀಣನಿಗೆ ಹೇಸಿಗೆಯಾಯಿತು. ಸ್ಪಾನರನ್ನು ಬೆಂಚಿನ ಮೇಲಿಟ್ಟು ಫೋನು ತೆಗೆದ.

"ಧಣಿ, ನಾ ಬೋಲ್ಟ್ ತಿರ್ಗ್ಸುದಿಲ್ಲ. ಪೈಪ್ ಕಳ್ಸಿ. ಇಲ್ದಿದ್ರೆ ಬೇರೆ ಡ್ರೈವರ್ ಕಾಣಿ, ಅವ್ನಿಗೂ ಈ ಕತೆ ಹೇಳಿಯೇ ನಾ ಹೋಪ್ದ್."

ಆ ಕಡೆಯ ಬೈಗುಳ ಮುಗಿಯುವವರೆಗೂ ಕಾಯದೆ ಫೋನು ಇಟ್ಟ. ಅಂಜುತ್ತಲೇ ಬಲಗೈ ಮೂಸಿ ನೋಡಿದ. ಕಬ್ಬಿಣದ ವಾಸನೆ, ಅಷ್ಟೇ. ಬಂಗುಡೆಯ ನಾತ ಹೋಗಿತ್ತು.

ಮರುಗಳಿಗೆ ಅದೇ ನಾತ ಮಳೆಯ ತಂಪಿನ ಜೊತೆ ಬಾಗಿಲಿನಿಂದ ಒಳಗೆ ಬಂತು. ಬಾಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಏರಿನಲ್ಲಿ ಎಂಜಿನ್ ಆರಿಸಿ ನಿಲ್ಲಿಸಿದ್ದ ಖಾಲಿ ಬಸ್ಸಿನಿಂದ ಉದ್ದವಾದ ಒಂದು ಉಸಿರು ಕೇಳಿಸಿತು.

ಶ್ಸ್ಸ್ಸ್...

"ಟ್ಯಾಂಕಲ್ಲಿ ಗಾಳಿಯೇ ಇಲ್ಲ ಅಜ್ಜ," ಎಂದ ಪ್ರವೀಣ. "ಮುಳ್ಳ್ ಸೊನ್ನೆಲಿತ್ತ್. ನಾನೇ ಕಂಡಿದ್ದೆ."

ಯಾರೋ ಬಸ್ಸಿನ ಹಿಂದೆ ಇಣುಕಲು ಎದ್ದರು. ಚೆನ್ನಯ್ಯಜ್ಜ ಕೋಲು ಅಡ್ಡ ಹಿಡಿದ.

"ಕೂಕಣಿ. ಯಾರೂ ಹಿಂದ್ ಹೋಪ್ದ್ ಬ್ಯಾಡ. ಗುಲಾಬಿ ಬುಟ್ಟಿ ಇಳ್ಸ್‌ಕಣ್ಲಿ."