ಏಕಾದಶಿಯ ದಿನ ಇಳಿದ ಬುಟ್ಟಿ

ಸಂಜೆ ಆರಕ್ಕೇ ಕರೆಂಟು ಹೋಗಿತ್ತು. ವೆಸ್ಟ್ ಮಾಂಬಲಂನ ಆ ಓಣಿಯಲ್ಲಿ ಮಳೆ ಜೋರಾದರೆ ಮೊದಲು ಫ್ಯಾನು ನಿಲ್ಲುತ್ತದೆ, ಆಮೇಲೆ ಮೋರಿ ಉಕ್ಕುತ್ತದೆ, ಆಮೇಲೆ ಸ್ಕೂಟರುಗಳನ್ನು ಎತ್ತರಕ್ಕೆ ತಳ್ಳುವವರ ಕೂಗಾಟ. ಮೂರನೇ ಮಹಡಿಯ ಹಾಲ್‌ನಲ್ಲಿ ಸರಸಮ್ಮ ಕಾಲು ಚಾಚಿ ಕುಳಿತಿದ್ದರು. ಅವರಿಗೆ ಎಪ್ಪತ್ತೆರಡು ವರ್ಷ; ಅದರಲ್ಲಿ ನಲವತ್ತು ವರ್ಷ ಇದೇ ಬೀದಿಯ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಕಳೆದದ್ದು. ಮೊಮ್ಮಕ್ಕಳು ಮಿಥುನ್, ದೀಕ್ಷಿತಾ ಅವರ ಎರಡೂ ಪಕ್ಕಕ್ಕೆ ಒರಗಿದ್ದರು. ತನ್ನ ಮನೆಗೆ ನೀರು ನುಗ್ಗಬಹುದೆಂದು ನೆಲಮಹಡಿಯ ನಿಶ್ಮಿತಾ ಹಾಸಿಗೆ ಸುತ್ತಿಕೊಂಡು ಮೇಲೆ ಬಂದಿದ್ದಳು.

"ಪಾಟಿ, ಒರು ಪೇಯ್ ಕದೈ ಸೊಲ್ಲೇನ್," ಎಂದ ಮಿಥುನ್, ಬೀದಿಯ ತಮಿಳಿನಲ್ಲಿ.

"ದೆವ್ವದ ಕತೆ ಬೇಕಾದ್ರೆ ಕನ್ನಡದಲ್ಲಿ ಕೇಳು. ನನ್ನ ಹತ್ರ ಇರುವ ದೆವ್ವ ಕನ್ನಡದ್ದು," ಎಂದರು ಸರಸಮ್ಮ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕಿಟಕಿಯ ಕಡೆ ಒಮ್ಮೆ ನೋಡಿ ಶುರುಮಾಡಿದರು.

"ಮಧ್ಯದಲ್ಲಿ ಯಾರೂ ಬಾಯಿ ಹಾಕ್ಬಾರ್ದು, ಹಾಕಿದ್ರೆ ನಾನು ಎದ್ದು ಹೋಗ್ತೇನೆ, ಆಯ್ತಾ? ಆ ದೊಡ್ಡ ನೆರೆ ಬಂತಲ್ಲ, ನೀವಿಬ್ಬರೂ ಆಗ ಸಣ್ಣವರು, ನಿಮ್ಮನ್ನು ಪೆರಂಬೂರಿನ ಅತ್ತೆಮನೆಗೆ ಸಾಗಿಸಿದ್ದೆವು. ಒಂದೇ ರಾತ್ರಿಯಲ್ಲಿ ನೀರು ಎದೆ ಮಟ್ಟ ಬಂತು ಮಾರಾಯ್ರೇ! ಹೋಟೆಲು ಸ್ವಲ್ಪ ಎತ್ತರದಲ್ಲಿತ್ತು, ಒಲೆ ಉಳೀತು. ಬೆಳಿಗ್ಗೆ ನೋಡಿದ್ರೆ ಜನ ತಲೆ ಮೇಲೆ ಅಕ್ಕಿ ಹೊತ್ಕೊಂಡು ಬರ್ತಾ ಇದ್ದಾರೆ. ಯಾರೂ ಹೇಳಿ ಕಳಿಸಿದ್ದಲ್ಲ. ಮಸೀದಿಯವರು ಗ್ಯಾಸ್ ಸಿಲಿಂಡರ್ ತಂದ್ರು, ಕಲ್ಯಾಣಮಂಟಪದವರು ದೊಡ್ಡ ಪಾತ್ರೆ ಕೊಟ್ರು, ಮೂರು ದಿನ ಮಾತು ಬಿಟ್ಟಿದ್ದ ಎರಡು ಅಂಗಡಿಯವರು ಒಂದೇ ಚಾಪೆಯಲ್ಲಿ ಕೂತು ಈರುಳ್ಳಿ ಹೆಚ್ಚಿದ್ರು. ಎಣ್ಣೂರಿನ ಮೀನುಗಾರ, ಪ್ರತಾಪ್ ಅಂತ, ತನ್ನ ದೋಣಿಯನ್ನು ಲಾರಿಯಲ್ಲಿ ಹಾಕ್ಕೊಂಡು ಬಂದ. ಅವನ ಮನೆಗೇ ನೀರು ನುಗ್ಗಿತ್ತು, ಆದ್ರೂ ಬಂದ. ಆ ದೋಣಿಯಲ್ಲಿ ಊಟದ ಪೊಟ್ಟಣ ಇಟ್ಕೊಂಡು ಮನೆಮನೆಗೆ ಹಂಚಲಿಕ್ಕೆ ಹೋದದ್ದು ಇವರು... ನಿಮ್ಮ ಅಜ್ಜ. ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು, ಯಾರ ಹೊಟ್ಟೆಗೆ ಎಷ್ಟು ಬೇಕು ಅಂತ ಮುಖ ನೋಡಿ ಹೇಳುವ ಮನುಷ್ಯ. ಸ್ವಲ್ಪ ಜಂಬವೂ ಇತ್ತು ಅದರದ್ದು.

"ಎರಡನೇ ಅಡ್ಡ ಬೀದಿಯ ಒಂದು ಮನೆಯಲ್ಲಿ, ಮೇಲಿನ ಮಹಡಿಯಲ್ಲಿ, ಜಯಲಕ್ಷ್ಮೀ ಅಮ್ಮ ಅಂತ ಇದ್ರು. ಟೆಲಿಫೋನ್ ಆಫೀಸಿನಿಂದ ರಿಟೈರ್ ಆದವರು, ಒಬ್ಬರೇ, ಮಾಧ್ವರು, ಮಡಿ ಅಂದ್ರೆ ಮಡಿ. ಹಾಲು ತರಕಾರಿ ಎಲ್ಲ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸಿ ಮೇಲೆಳ್ಕೊಳ್ಳುದು. ಏಕಾದಶಿ ದಿನ ಮಾತ್ರ ಆ ಬುಟ್ಟಿ ಇಳಿಯುದೇ ಇಲ್ಲ. ನೀರೂ ಮುಟ್ಟುವವರಲ್ಲ ಅವರು. ಇಡೀ ಬೀದಿಗೆ ಗೊತ್ತು, ಹಾಲಿನವನು ಸಹ ಆ ದಿನ ಅಲ್ಲಿ ಕೂಗುವುದಿಲ್ಲ.

"ನೆರೆಯ ಮೊದಲ ದಿನ ಮಧ್ಯಾಹ್ನ ಇವರ ದೋಣಿ ಅಲ್ಲಿಗೆ ಹೋಗುವಾಗ ಬುಟ್ಟಿ ಇಳಿದಿತ್ತು. ಇವರಿಗೆ ಆಶ್ಚರ್ಯ. ಹೋಟೆಲಿನ ಅನ್ನ ಮುಟ್ಟದ ಹೆಂಗಸು! ಪಾಪ, ಕಷ್ಟ ಬಂದಾಗ ಎಂತ ಮಡಿ ಅಂತ ಒಂದು ಪೊಟ್ಟಣ ಇಟ್ರು. ಬುಟ್ಟಿ ಅಲುಗಲಿಲ್ಲ. ಎರಡನೇದು ಇಟ್ರು... ಸರ್ರನೆ ಮೇಲೆ ಹೋಯ್ತು. 'ಅಮ್ಮಾ, ಹುಷಾರಿದ್ದೀರಾ?' ಅಂತ ಕೂಗಿದ್ರೆ ಉತ್ತರ ಇಲ್ಲ. ಮಳೆಯ ಸದ್ದಿಗೆ ಕೇಳಿಸಿರ್ಲಿಕ್ಕಿಲ್ಲ ಅಂದ್ಕೊಂಡ್ರು. ಮರುದಿನ, ಅದರ ಮರುದಿನ, ಹಾಗೆಯೇ. ಎರಡು ಪೊಟ್ಟಣ, ಒಂದು ನೀರಿನ ಬಾಟ್ಲಿ. ಮುಖ ಒಂದು ದಿನವೂ ಕಾಣಲಿಲ್ಲ.

"ನಾಲ್ಕನೇ ದಿನ ಏಕಾದಶಿ ಬಂತು.

"ಈಗ ನೀವೇ ಹೇಳಿ, ಉಡುಪಿ ಕಡೆಯ ಮನುಷ್ಯ, ಅಂಥ ಅಮ್ಮನ ಬುಟ್ಟಿಗೆ ಏಕಾದಶಿ ದಿನ ಮೊಸರನ್ನ ಹಾಕ್ತಾನಾ? ಅವರ ವ್ರತ ಕೆಡಿಸಿದ ಪಾಪ ಯಾರಿಗೆ ಬೇಕು? 'ಅಮ್ಮನ ಮನೆ ಇವತ್ತು ಬೇಡ ಪ್ರತಾಪ್, ನೇರ ಮುಂದಕ್ಕೆ ಬಿಡು' ಅಂದ್ರು ಇವರು. ಆ ಮನೆಯ ಎರಡು ಪೊಟ್ಟಣವನ್ನು ಬೇರೆ ಮನೆಗೆ ಕೊಟ್ಟೂ ಬಿಟ್ಟಿದ್ರು. ದೋಣಿ ತಿರುಗಿ ಆ ಬೀದಿಗೆ ಬಂತು... ಬುಟ್ಟಿ ಇಳಿದಿತ್ತು.

"ಖಾಲಿ ಬುಟ್ಟಿ. ನೀರಿನ ಮೇಲೆ ಎದ್ದು ಬೀಳ್ತಾ ಇತ್ತು, ಪಟ್... ಪಟ್... ಪಟ್... ಗಾಳಿ ಒಂದು ಚೂರೂ ಇಲ್ಲ. ಇವರು ಕೈ ಮುಗಿದು, 'ಅಮ್ಮಾ, ಇವತ್ತು ಏಕಾದಶಿ ಅಲ್ವಾ, ಮರೆತ್ರಾ?' ಅಂತ ಕೇಳಿದ್ರು. ಬುಟ್ಟಿ ನಿಂತಿತು. ಒಂದು ಕ್ಷಣ. ಆಮೇಲೆ ಎದ್ದು ಬಂದು ದೋಣಿಯ ಅಂಚಿಗೆ ಬಡೀತು ನೋಡಿ, ದೋಣಿಯೇ ವಾಲಿತು! ಪ್ರತಾಪನ ಕೈಯಿಂದ ಹುಟ್ಟು ಜಾರಿತು. 'ಅಣ್ಣಾ, ವಾಂಗ ಪೋಯಿಡಲಾಂ', ಬನ್ನಿ ಹೋಗಿಬಿಡುವ ಅಂತ ಅಳುವ ಹಾಗೆ ಹೇಳಿದ. ಸಮುದ್ರಕ್ಕೆ ಹೆದರದ ಹುಡುಗ ಅವನು.

"ಇವರು ಹಗ್ಗ ಹಿಡಿದು ಮೇಲೆ ನೋಡಿದ್ರು. ಕಿಟಕಿಯ ಹಲಗೆ ಮೇಲೆ ಎರಡು ಕೈ. ಬಳೆ ಇಲ್ಲ. ತುಂಬಾ ಹೊತ್ತು ನೀರಲ್ಲಿದ್ದ ಕೈ ಹೇಗಾಗ್ತದೆ, ಬಿಳಿ ಬಿಳಿ, ಚರ್ಮ ಎದ್ದು ಸುಕ್ಕು ಸುಕ್ಕು... ಹಾಗಿತ್ತು. ಉಗುರಿನಿಂದ ನೀರು ತೊಟ್ಟಿಕ್ಕಿ ಇವರ ಹಣೆ ಮೇಲೆ ಬಿತ್ತು.

"ನಾನಾದ್ರೆ ಅಲ್ಲೇ ಎದೆ ಒಡೆದು ಸಾಯ್ತಿದ್ದೆ. ಇವರಿಗೆ ಹೆದರಿಕೆ ಆಗ್ಲಿಲ್ಲ ಅಂತಲ್ಲ, ಆಯ್ತು. ಆದ್ರೆ ಅಮ್ಮನಿಗೆ ಏನೋ ಆಗಿದೆ ಅಂತ ದೋಣಿಯಿಂದ ಇಳಿದು, ಎದೆ ಮಟ್ಟದ ನೀರಲ್ಲಿ ತಡಕಾಡಿ, ಮೆಟ್ಟಿಲು ಹತ್ತಿದ್ರು. ಮೇಲೆ ಹೋಗಿ ನೋಡಿದ್ರೆ ಬಾಗಿಲಿಗೆ ಬೀಗ.

"ಹೊರಗಿನಿಂದ ಬೀಗ! ಒಳಗೆ ಹೆಜ್ಜೆ ಸದ್ದು. ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಈ ಕಿಟಕಿಗೆ, ಒದ್ದೆ ಕಾಲಿನ ಸದ್ದು. ಇವರು 'ಅಮ್ಮಾ' ಅಂದದ್ದೇ ತಡ, ಸದ್ದು ನಿಂತಿತು. ಆ ಮೌನದಲ್ಲಿ ಮನೆಯ ಹಿಂದಿನಿಂದ ಒಂದು ಮಗು ಅತ್ತದ್ದು ಕೇಳಿಸ್ತು. ಅಳು ಅಂದ್ರೆ ಗಟ್ಟಿ ಅಳು ಅಲ್ಲ... ಶಕ್ತಿ ಮುಗಿದ ಅಳು.

"ಹಿಂದೆ ಒಂದು ಮನೆ ಉಂಟು ಅಂತ ಯಾರಿಗೆ ನೆನಪಿತ್ತು? ಬೀದಿಗೆ ಕಿಟಕಿಯೇ ಇಲ್ಲದ ಮನೆ. ನೆರೆಗೆ ನಾಲ್ಕು ದಿನ ಮೊದಲು ವಿಭಾ ಅಂತ ಒಂದು ಬಾಣಂತಿ ಅಲ್ಲಿಗೆ ಬಂದಿದ್ಲು, ಇಪ್ಪತ್ತು ದಿನದ ಮಗು. ಗಂಡ ಎಣ್ಣೂರಿನ ಪವರ್ ಸ್ಟೇಷನ್ನಿನಲ್ಲಿ ಡ್ಯೂಟಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದ. ಕಾಂಪೌಂಡ್ ಗೋಡೆ ಕುಸಿದು ಅವಳ ಬಾಗಿಲಿಗೆ ಅಡ್ಡ ಬಿದ್ದಿತ್ತು. ಫೋನು ಸತ್ತಿತ್ತು. ಮಗುವನ್ನು ಎತ್ಕೊಂಡು ಅಟ್ಟ ಹತ್ತಿ ಕೂತಿದ್ಲು, ಅಟ್ಟದ ಕಿಟಕಿ ಅಮ್ಮನ ಅಡುಗೆಮನೆ ಕಿಟಕಿಗೆ ಎದುರು. ಇವರೂ ಪ್ರತಾಪನೂ ಇನ್ನು ನಾಲ್ಕು ಜನರನ್ನು ಕೂಗಿ ಕರೆದು, ಕಲ್ಲು ಸರಿಸಿ, ಬಾಗಿಲು ಒಡೆದು ಒಳಗೆ ಹೋಗುವಾಗ ಅವಳಿಗೆ ಕೆಂಡದಂಥ ಜ್ವರ, ಮಗುವಿನ ತುಟಿ ಒಣಗಿ ನೀಲಿ. ಇನ್ನೊಂದು ದಿನ ತಡ ಆಗಿದ್ರೆ ಇಬ್ಬರೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು.

"ದೋಣಿಯಲ್ಲಿ ಮಲಗಿಸುವಾಗ ವಿಭಾ ಇವರ ಕೈ ಹಿಡ್ಕೊಂಡು ಹೇಳಿದ್ಲಂತೆ, 'ಆ ಅಜ್ಜಿಯನ್ನೂ ಕರ್ಕೊಂಡು ಬನ್ನಿ. ನೀರು ಏರಿದ ರಾತ್ರಿ ಅಡುಗೆಮನೆ ಕಿಟಕಿಯಿಂದ, ಹೆದರ್ಬೇಡ ಮಗಾ, ಕೆಳಗಿಳಿದು ಬಂದು ಕರ್ಕೊಂಡು ಹೋಗ್ತೇನೆ ಅಂದ್ರು. ಬರ್ಲಿಲ್ಲ. ಮರುದಿನದಿಂದ ದಿನಾ ಕಿಟಕಿಯಲ್ಲಿ ಊಟ ಚಾಚ್ತಿದ್ರು. ಯಾರಿಗಾದ್ರೂ ಹೇಳಿ ಅಜ್ಜಿ ಅಂದ್ರೆ ಬಾಯಿ ತೆರೀತಿದ್ರು... ಬಾಯಿಂದ ಬರೀ ನೀರು ಬರ್ತಿತ್ತು.'

"ಬೀಗ ಒಡೆದ್ರು. ಮನೆಯೊಳಗೆ ಯಾರೂ ಇಲ್ಲ. ನೆಲ ಎಲ್ಲ ಒಣಗಿತ್ತು. ಬೀದಿಯ ಕಿಟಕಿಯಿಂದ ಅಡುಗೆಮನೆಯ ಕಿಟಕಿವರೆಗೆ ಮಾತ್ರ ಒಂದು ಒದ್ದೆ ದಾರಿ.

"ಮರುದಿನ ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಹೋದ್ರು. ಅಮ್ಮ ಅಲ್ಲಿದ್ರು. ಮೆಟ್ಟಿಲ ಬುಡದಲ್ಲಿ ಮುಳುಗಿದ್ದವರನ್ನು ನೆರೆ ಬಂದ ಮೊದಲ ಬೆಳಿಗ್ಗೆಯೇ ಯಾರೋ ಎತ್ತಿ ತಂದಿದ್ರು, ಹೆಸರು ಗೊತ್ತಿರ್ಲಿಲ್ಲ. ಸೊಂಟದಲ್ಲಿ ಮನೆಯ ಬೀಗದ ಕೈ. ಬಾಣಂತಿಯನ್ನು ಕರೆತರ್ಲಿಕ್ಕೆ ಇಳಿದದ್ದು ನೋಡಿ... ಈಜು ಬಾರದ ಜೀವ.

"ಬೀದಿಯವರೆಲ್ಲ ಸೇರಿ ಅವರ ಕ್ರಿಯೆ ಮಾಡಿಸಿದ್ರು. ಆದ್ರೆ ಇವರು ಬದಲಾದ್ರು. 'ಸರಸಾ, ನನಗೆ ಎಲ್ಲ ಗೊತ್ತುಂಟು ಅಂತ ಆ ಮನೆ ಬಿಟ್ಟೆ. ಸತ್ತವರು ಬಂದು ದೋಣಿಗೆ ಬಡೀಬೇಕಾಯ್ತು ನನಗೆ ಬುದ್ಧಿ ಬರ್ಲಿಕ್ಕೆ' ಅಂತ ಅತ್ತುಬಿಟ್ರು. ನಲವತ್ತು ವರ್ಷದ ಸಂಸಾರದಲ್ಲಿ ಇವರು ಅತ್ತದ್ದು ನಾನು ಅವತ್ತೇ ನೋಡಿದ್ದು. 'ಇನ್ನು ಒಂದು ಬಾಗಿಲೂ ಬಿಡುದಿಲ್ಲ ನಾನು' ಅಂದ್ರು. ಆಮೇಲೆ ಎಷ್ಟು ಸಲ ನೀರು ಬಂತೋ ಅಷ್ಟು ಸಲ, ಮೊಣಕಾಲು ನೋವಿನಲ್ಲೂ, ಬೀಗ ಇದ್ದ ಬಾಗಿಲನ್ನು ಸಹ ತಟ್ಟಿ ಬರ್ತಿದ್ರು."

ಸರಸಮ್ಮ ಕಿಟಕಿಯ ಕಡೆ ತಿರುಗಿದರು. ಹೊರಗೆ ಯಾರದೋ ಗೇಟು ಕಿರ್ರೆಂದಿತು. ದೀಕ್ಷಿತಾ ಅಜ್ಜಿಯ ಸೆರಗು ಹಿಡಿದುಕೊಂಡಳು.

"ನಿಮ್ಮ ಅಜ್ಜ ತೀರಿಹೋಗಿ ಮೂರು ವರ್ಷ ಆಯ್ತಲ್ಲ? ಹೋದ ವರ್ಷ ನೀರು ಬಂದಾಗ ಹೋಟೆಲಿನಿಂದ ಹೊಸ ಹುಡುಗರು ಊಟ ಹಂಚಿ ಬಂದ್ರು. ಒಬ್ಬ ನನ್ನ ಹತ್ರ ಬಂದು ಕೇಳಿದ, 'ಅಕ್ಕಾ, ನಮ್ಮ ಮುಂದೆ ಮುಂದೆ ಹೋಗ್ತಾ ಇದ್ದ ಆ ವಯಸ್ಸಾದ ಸಪ್ಲೈಯರ್ ಯಾರು? ಒಂದೊಂದು ಬಾಗಿಲೂ ತಟ್ತಿದ್ರು. ಬೀಗ ಹಾಕಿದ್ದ ಮನೆಯೊಂದರ ಮುಂದೆ ನಿಂತೇ ಬಿಟ್ರು. ಒಡೆದು ನೋಡಿದ್ರೆ ಒಳಗೆ ಲಕ್ವ ಹೊಡೆದ ಮನುಷ್ಯ ಮಲಗಿದ್ದ, ಜೀವ ಇತ್ತು. ತಿರುಗಿ ನೋಡಿದ್ರೆ ಅವರಿಲ್ಲ.' ನಾನು ಕೇಳಿದೆ, ಎಷ್ಟು ನೀರಿತ್ತು ಅಲ್ಲಿ ಅಂತ. 'ನನಗೆ ಎದೆ ಮಟ್ಟ ಅಕ್ಕಾ' ಅಂದ. ಅವರಿಗೆ? ಹುಡುಗ ಆಗ ಯೋಚನೆ ಮಾಡಿದ, ಮುಖ ಬಿಳಿಚಿಕೊಳ್ತು... 'ಅವರ ಪಾದವೇ ಒದ್ದೆ ಆಗಿರ್ಲಿಲ್ಲ ಅಕ್ಕಾ.'"

ಮಳೆ ಇನ್ನೂ ಜೋರಾಯಿತು. ಕೆಳಗೆಲ್ಲೋ, ನೆಲಮಹಡಿಯಲ್ಲಿ, ನಿಶ್ಮಿತಾ ಬೀಗ ಹಾಕಿ ಬಂದ ಬಾಗಿಲನ್ನು ಯಾರೋ ಮೂರು ಸಲ ತಟ್ಟಿದರು.

"ಹೆದರ್ಬೇಡ ಮಾರಾಯ್ತಿ," ಎಂದರು ಸರಸಮ್ಮ ನಿಶ್ಮಿತಾಳಿಗೆ. ಅವರ ಕಣ್ಣು ತುಂಬಿತ್ತು. "ಕಿಟಕಿ ತೆಗೆದು, ನಾನು ಮೇಲಿದ್ದೇನೆ, ಕ್ಷೇಮ ಇದ್ದೇನೆ ಅಂತ ಒಂದು ಕೂಗು ಹಾಕು. ಪಾಪ, ಅವರಿಗೆ ಇನ್ನೂ ಎಷ್ಟು ಮನೆ ಬಾಕಿ ಉಂಟೋ."