ಮಲ್ಲೇಶನ ಮನ್ಯಾಗಿನ ಸಮುದ್ರ

ಕಣ್ಣು ಬಿತ್ತಂತ, ಕಣ್ಣು! ಲೇ ಮಲ್ಲೇಶ, ನಿನ್ನ ಹೆಂಡ್ತಿ ಗಂಗಾಂಬಿಕಾ ಅಂದ್ರ ಅನ್ನಲಿ, ನೀನೂ ತಲಿ ಆಡಸ್ತಿಯಲ್ಲ... ನಾವಿಬ್ಬರೂ ಕೂಡಿ ಬಿ.ಎಸ್ಸಿ. ಓದಿದ್ದು ಮರ್ತೇನು? ಹೌದಪ್ಪ, ನಾನು ಓದಿದೆ, ನೀನು ನನ್ನ ಪೇಪರ್ ನೋಡಿ ಬರದಿ. ಆದ್ರೂ!

ಉಪ್ಪುನೀರಿನ ಮೀನಿನ ತೊಟ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸೋದು... ಈಗ ಒಲಿಗೆ ಹಾಕಿದ್ರ ಘಾಟು ಬರ್ಲಿಲ್ಲಂತ, ಅದಕ್ಕ ಕಣ್ಣೇ ಬಿದ್ದದಂತ. ಎಲ್ಲಿಂದ ಬರ್ಬೇಕು? ಅಡಿಗಿಮನ್ಯಾಗ ಅಷ್ಟು ದೊಡ್ಡ ಕರೆಂಟ್ ಚಿಮಣಿ ಹಾಕಿಸಿದಿ, ಎಲ್ಲಾ ಎಳಕೊಂಡು ಹೋಗಿರ್ತದ. ಅದಿರಿನ ರೊಕ್ಕದ ಚಿಮಣಿ, ಸಣ್ಣದಿರ್ತದೇನು?

ಯಾಕ, ನಗವಲ್ಲಿ? ನಗೋ ಮಾತದು.

ಸರಿ, ನೋಡೋಣ. ಮೊದಲು ಸಿಗಡಿ ಸತ್ತಿತು. ಆಮ್ಯಾಲ ಬಸವನಹುಳ ಎರಡೂ ಗಾಜಿನಿಂದ ಉದುರಿದ್ವು. ಈ ಹೂವಿನಂಥ ಪ್ರಾಣಿ... ಥೂ, ಹಳೇ ಕಾಲುಚೀಲ ಆಗ್ಯದ. ಹವಳಾನೂ ಬೆಳ್ಳಗ. ಆ ಹವಳ ಎಲ್ಲಿಂದ ತಂದಿ ಅಂತ ನಾನು ಕೇಳೋದಿಲ್ಲ, ನೀನೂ ಹೇಳಬ್ಯಾಡ. ಮೀನು ಮಾತ್ರ ಎರಡೂ ಆರಾಮ ತಿರುಗಾಡ್ಲಿಕ್ಕತ್ತಾವ.

ಧೂಳಿರಬೇಕು. ಸಂಡೂರಿನ ಲಾರಿ ಹಗಲೆಲ್ಲಾ ನಿನ್ನ ಮನಿ ಮುಂದ ಓಡಾಡ್ತಾವ. ಅದರಾಗ ಹನ್ನೆರಡು ನಿನ್ನವೇ. ಚೀನಾದವರು ನಮ್ಮ ಮಣ್ಣು ಕೊಂಡ್ರು, ನೀನು ಸಮುದ್ರ ಕೊಂಡಿ. ಮಣ್ಣು ಸುಮ್ಮನ ಬಿಡ್ತದೇನು?

ಕಿಟಕಿ ತೆಗೆಯೋದೇ ಇಲ್ಲಾ? ಹೌದಲ್ಲ, ಏಸಿ. ಮೀನಿಗೂ ಏಸಿ! ನಮ್ಮ ಮನ್ಯಾಗ ಮೂರು ಮಂದಿಗೆ ಒಂದು ಫ್ಯಾನು, ಅದೂ ಕಿರ್ರ್ ಅಂತದ. ಹಂಗಾದ್ರ ಸೆಕಿ. ಕರೆಂಟು ದಿನಾ ಹೋಗ್ತದ, ಇವತ್ತಂತೂ ಮುಂಜಾನಿಂದಿಲ್ಲ, ಏಸಿ ಎಲ್ಲಿ ನಡೀತದ? ಇನ್ವರ್ಟರ್ ಈ ತೊಟ್ಟಿ ಪಂಪಿಗಷ್ಟೇ ಅಂತ ನೀನೇ ಹೇಳಿದಿ. ಹೊಸಪೇಟಿ ಸೆಕಿ ತಡಕೊಳ್ಳಲಿಕ್ಕೆ ಹೊಸಪೇಟ್ಯಾಗೇ ಹುಟ್ಟಬೇಕಪ್ಪ.

ಏನಂದಿ? ಹೊಟ್ಟೆಕಿಚ್ಚು? ನನಗ?

ಲೇ, ಐದು ತಿಂಗಳ ಹಿಂದ ಯಾರ ಮನಿಗೆ ಬಂದಿದ್ದಿ? 'ಗೋಪೀನಾಥ, ನೀನು ಕೆಮಿಸ್ಟ್ರಿ ಮೇಷ್ಟ್ರು, ಹೇಳಿಕೊಡು' ಅಂದಿ. ಹೇಳಿಕೊಟ್ಟೆ. ಉಪ್ಪು ಅಳದವನು ನಾನು. ಮೊದಲ ತಿಂಗಳು ಮೀನು ಬಿಡಬ್ಯಾಡ, ನೀರಷ್ಟೇ ತಿರುಗಲಿ ಅಂದವನು ನಾನು. ತಿಂಗಳೆಲ್ಲಾ ಖಾಲಿ ನೀರು ನೋಡ್ಕೋತ ಕುಂತಿದ್ದಿ, ಕೊಕ್ಕರಿ ಹಂಗ! ನೀರು ಆರ್ತದ, ಉಪ್ಪು ಆರೋದಿಲ್ಲ, ಅದಕ್ಕ ದಿನಾ ಸಿಹಿನೀರೇ ಹಾಕು ಅಂದವನೂ ನಾನು. ಮಂದಿ ಏನಂದ್ರು? 'ಮಲ್ಲೇಶಣ್ಣ ಮನ್ಯಾಗ ಸಮುದ್ರ ತಂದಾನ!' ಬುಕ್ಕಸಾಗರದಿಂದ ಟ್ರ್ಯಾಕ್ಟರ್ ಮಾಡ್ಕೊಂಡು ನೋಡ್ಲಿಕ್ಕೆ ಬಂದ್ರು. ಒಬ್ಬನಾದ್ರೂ ಗೋಪೀನಾಥ ಅಂದ್ನೇನು?

ಮಂದಿ ಹೋಗ್ಲಿ. ನನ್ನ ಮಗಳು, ಶ್ರೀಪ್ರಿಯಾ... ನಾನು ಕಾಲೇಜಿಂದ ಬರೂದ್ರಾಗ ನಿನ್ನ ಮನ್ಯಾಗಿರ್ತಾಳ. ಶಾಲ್ಯಾಗ ಪ್ರಬಂಧ ಬರಿ ಅಂದಿದ್ರು, 'ನಾನು ಮೆಚ್ಚಿದ ವ್ಯಕ್ತಿ' ಅಂತ. ಯಾರ ಮ್ಯಾಲ ಬರದ್ಲು? ಮಲ್ಲೇಶ ಮಾಮನ ಮ್ಯಾಲ. 'ಮಲ್ಲೇಶ ಮಾಮನಿಗೆ ಸಮುದ್ರದ ಬಗ್ಗೆ ಎಲ್ಲಾ ಗೊತ್ತು.' ಎಲ್ಲಾ ಗೊತ್ತಂತ! ನೀನು ಕಾಪಿ ಹೊಡೆದ್ರೂ ಫೇಲಾದವ! ನಾನೇ ಕುಂತು ಆ ಪ್ರಬಂಧದ ಕಾಗುಣಿತ ತಿದ್ದಿದೆ. ಮೂರು ತಪ್ಪಿದ್ವು.

ಇಲ್ಲಪ್ಪ, ಸಿಟ್ಟೇನಿಲ್ಲ. ಮಾತಿಗೆ ಹೇಳಿದೆ.

ಏನು? ಗಂಗಾಂಬಿಕಾ ಉಂಡಿಲ್ಲಾ? ಎರಡು ದಿನದಿಂದ? ಬರೇ ಸಿಗಡಿಗೇನಲೇ... ಯಾರು, ನಿಮ್ಮವ್ವ? ನೀಲಗಂಗಮ್ಮ ಏನಂದ್ರು?

'ಈಕಿ ಕೈಯಾಗ ಯಾವ ಜೀವಾನೂ ಉಳಿಯೋದಿಲ್ಲ' ಅಂದ್ರಾ?

...ಅದು ಅನ್ನಬಾರದಿತ್ತು. ಎರಡು ಬಸಿರು ಇಳಿದುಹೋದಾಕಿಗೆ... ಅನ್ನಬಾರದಿತ್ತು ಮಲ್ಲೇಶ. ಆಕಿ ತಪ್ಪಲ್ಲ. ನಾ ಹೇಳ್ತೀನಲ್ಲ, ಆಕಿ ತಪ್ಪಲ್ಲ! ಕೇಳಿಲ್ಲಿ, ಈ ನೀರೆಲ್ಲಾ ತಗದು ಚೆಲ್ಲು. ಹೊಸದಾಗಿ ಶುರು ಮಾಡೋಣ, ನಾನು ದಿನಾ ಬರ್ತೀನಿ. ಆದ್ರ ಇನ್ನ ಮ್ಯಾಲ ಪ್ಲಾಸ್ಟಿಕ್ ಕೊಡದ ನೀರು ಹಾಕ್ರಿ, ಆ ಹಂಡೇದು ಬ್ಯಾಡ. ತಾಮ್ರದ ಅಂಶ ಮೀನು ತಡಕೋತಾವ, ಸಿಗಡಿ ಹವಳ ತಡಕೊಳ್ಳೋದಿಲ್ಲ, ನೀರಿಗೆ ಸ್ವಲ್ಪ ಬಿಟ್ಟರೂ ಸಾಕು...

ಏನು ಹಂಗ ನೋಡ್ತಿ?

ಹಂಡೇದು ಅಂತ ನೀನೇ ಅಂದ್ಯಲ್ಲ, ಈಗ. ಅನ್ಲಿಲ್ಲಾ? ಹಂಗಾದ್ರ... ಊರಾಗ ಎಲ್ಲಾರ ಮನ್ಯಾಗೂ ಹಂಡೆ ಇರ್ತದ, ಅದೇನು ದೊಡ್ಡ...

ಆಯ್ತು, ಹೇಳ್ತೀನಿ.

ಯುಗಾದಿ ಮರುದಿನ. ನೀನು ಕುರೆಕುಪ್ಪಕ್ಕ ಹೋಗಿದ್ದಿ. ಶ್ರೀಪ್ರಿಯಾನ್ನ ಕರಕೊಂಡು ಹೋಗ್ಲಿಕ್ಕೆ ಬಂದಿದ್ದೆ. ಗಾಜಿಗೆ ಮೂಗು ಹಚ್ಚಿ ಕುಂತಿದ್ಲು. ಮೂರು ಸಲ ಕರದೆ. ತಿರುಗಿ ಸಹಿತ ನೋಡ್ಲಿಲ್ಲ. ಅಷ್ಟರಾಗ ಗಂಗಾಂಬಿಕಾ ತಾಮ್ರದ ಹಂಡೇದಿಂದ ನೀರು ತುಂಬ್ಕೊಂಡು ಬಂದ್ಲು. 'ದೇವರಿಗೆ ಇದೇ ನೀರು ಇಡೋದ್ರಿ, ನಾವು ಕುಡಿಯೋದೂ ಇದೇ. ಇವಕ್ಕೂ ಒಳ್ಳೇದಲ್ಲೇನ್ರಿ ಸರ? ನೀವು ಓದಿದವರು, ಹೇಳ್ರಿ' ಅಂದ್ಲು.

ಸುಮ್ಮನಿದ್ದೆ ಅಂತ ಹೇಳಬೇಕಂತ ಮಾಡಿದ್ದೆ, ಈಗ ಒಂದು ತಾಸಿಂದ. ಸುಮ್ಮನಿರ್ಲಿಲ್ಲ. 'ಭಾಳ ಒಳ್ಳೇದಮ್ಮ, ದಿನಾ ಹಾಕು' ಅಂದೆ.

ಅಷ್ಟೇ. ಬಯ್ಯಿ. ಮನಿ ಬಿಟ್ಟು ನಡಿ ಅಂತಾದ್ರೂ ಅನ್ನು... ಹಿಂಗ ಕುಂದ್ರಬ್ಯಾಡ.

ಕರಿ ಆಕಿನ್ನ. ನಿಮ್ಮವ್ವನ್ನೂ ಕರಿ, ಇಬ್ಬರ ಮುಂದೂ ಹೇಳ್ತೀನಿ. ಕಣ್ಣು ಬಿದ್ದದ ಅಂತ ಆಕಿ ಅಂದಿದ್ದು... ಮಲ್ಲೇಶ, ಮುಂಜಾನಿಂದ ಕರೆಂಟಿಲ್ಲಲ್ಲ. ಚಿಮಣಿ ತಿರುಗಿಲ್ಲ. ಆಕಿ ಒಲಿಗೆ ಮೆಣಸಿನಕಾಯಿ ಹಾಕೂಮುಂದ ನಾನು ಅಲ್ಲೇ, ಬಾಗಿಲಾಗ ನಿಂತಿದ್ದೆ.

ಘಾಟು ನನಗೂ ಬರ್ಲಿಲ್ಲ.