ಕಾಲುಂಗುರದ ಹಕ್ಕಿ

ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಆ ವಿದ್ಯಾರ್ಥಿಯ ಟ್ರಂಕು ಹೊತ್ತು ತಂದವಳು ಸರುಬಾಯಿ. ಪಾಟೀಲರ ಜೋಳದ ಹೊಲದಲ್ಲಿ ಅವಳು ಹಕ್ಕಿ ಓಡಿಸುವವಳು, ಅವನು ವಲಸೆ ಹಕ್ಕಿಗಳ ಮೇಲೆ ಬರೆಯಲು ಬಂದವನು. ಚಳಿಗಾಲವೆಲ್ಲ ಹೊಲದ ಕಾವಲು ಅಟ್ಟದ ಮೇಲೆ ಅವಳೊಡನೆ ಮಾತಾಡಿದ್ದು ಅವನೊಬ್ಬನೇ.

“ನಾ ಕಾಲಿಗೆ ಉಂಗುರ ಹಾಕಿದ ಹಕ್ಕಿ ಬರೋ ವರ್ಷ ಇದೇ ಹೊಲಕ್ಕ ಬಂದ್ರ ನನಗ ತಿಳೀಬೇಕು, ಸರುಬಾಯಿ. ನನ್ನ ಓದೆಲ್ಲ ಅದರ ಮ್ಯಾಲ ನಿಂತದ.”

“ಕಾಲುಂಗುರದ ಹಕ್ಕಿ ಏನ್ರಿ? ದೂರದಿಂದನ ಗುರ್ತ ಹಿಡೀತೀನಿ.”

“ವಿಳಾಸ ಪಾಟೀಲರ ಮನ್ಯಾಗ ಕೊಟ್ಟೀನಿ. ಅಲ್ಲಿ ಹೋಗಿ ಹೇಳು, ಕಾಗದ ಬರೀತಾರ.”

“ಅವರ ಹೊಸ್ತಿಲ ನಾವು ತುಳಿಯಂಗಿಲ್ರಿ. ಮೂರು ತಿಂಗಳ ಅಲ್ಲೇ ಉಂಡ್ರಿ, ಹಕ್ಕಿ ಕಾಲು ಕಂಡವ್ರಿಗೆ ಇದು ಕಾಣಲಿಲ್ಲೇನ್ರಿ?”

ಅವನು ವಿಳಾಸ ಬರೆದುಕೊಡಲು ಪೆನ್ನು ಹುಡುಕುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.

“ಮತ್ತ ಹ್ಯಾಂಗ ತಿಳಸ್ತಿ?” ಬಸ್ಸು ಹತ್ತಿ ಕಿಟಕಿಯಿಂದ ಕೂಗಿದ.

“ಅಟ್ಟ ಹತ್ತಿ ಒದರ್ತೀನ್ರಿ ಸಾಹೇಬ್ರ. ನಿಮ್ಮೂರಿಗೆ ಕೇಳಸ್ತದೇನ್ ನೋಡ್ರಿ.”

ಬಸ್ಸು ಹೋದ ಮೇಲೆ ಅವಳು ತಲೆಯ ಸಿಂಬಿ ತೆಗೆದು, ಊರ ದಾರಿ ಹಿಡಿದಳು.